ಸೈನ್ಯ ಬಂದರೆ ಶಿಸ್ತು ಬರುತ್ತದೆಯೇ? ರಂಗೂನಿನಲ್ಲಿ ಕಂಡ 2021

"ಒಂದೆರಡು ವರ್ಷ ಮಿಲಿಟರಿ ಕೈಗೆ ಕೊಟ್ಟರೆ ಈ ದೇಶ ತಾನಾಗಿ ಸರಿಹೋಗುತ್ತದೆ" ಎಂಬ ಮಾತನ್ನು ನಾನು ಇದೇ ತೀರ್ಥಹಳ್ಳಿಯ ಹೋಟೆಲುಗಳಲ್ಲಿ, ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಗಳಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಹಾಗೆ ಹೇಳುವವರು ಕೆಟ್ಟವರಲ್ಲ. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆದವರು, ಮಳೆಗಾಲ ಕಳೆದರೂ ದುರಸ್ತಿಯಾಗದ ರಸ್ತೆಯಲ್ಲಿ ಓಡಾಡುವವರು, ಚುನಾವಣೆಯ ಹೊತ್ತಿಗೆ ಹಂಚುವ ದುಡ್ಡನ್ನು ಕಂಡು ಬೇಸತ್ತವರು. ಗಡಿಯಲ್ಲಿ ಕಾವಲು ನಿಂತ ಸೈನಿಕನ ಮೇಲಿನ ಗೌರವವೂ ಆ ಮಾತಿನಲ್ಲಿ ಬೆರೆತಿರುತ್ತದೆ. ಆ ಗೌರವ ನನಗೂ ಇದೆ. ಆದರೆ ಸೈನ್ಯವು ಗಡಿಯನ್ನು ಬಿಟ್ಟು ಬಂದು ಬ್ಯಾಂಕು, ಆಸ್ಪತ್ರೆ, ಶಾಲೆ, ರೈಲ್ವೆ ಎಲ್ಲವನ್ನೂ ತನ್ನ ಅಧೀನಕ್ಕೆ ತೆಗೆದುಕೊಂಡಾಗ ಏನಾಗುತ್ತದೆ ಎಂಬುದನ್ನು ನಾನು ಪರದೇಶದ ಬಾಡಿಗೆ ಮನೆಯೊಂದರಲ್ಲಿ ಇದ್ದುಕೊಂಡು ಕಂಡಿದ್ದೇನೆ. ಈ ಸಂಜೆ ನಾನು ಹೇಳುವುದೆಲ್ಲ ಆ ಒಂದು ಮಾತಿಗೆ ಉತ್ತರವೆಂದು ತಾವು ತಿಳಿಯಬಹುದು.

ನಾನು ಇದ್ದದ್ದು ಮ್ಯಾನ್ಮಾರ್ ದೇಶದ ಯಾಂಗೋನ್‌ನಲ್ಲಿ, ನಮ್ಮ ಹಿರಿಯರು ರಂಗೂನು ಎನ್ನುತ್ತಿದ್ದ ಊರಿನಲ್ಲಿ. ಉದ್ದು ಮತ್ತು ತೊಗರಿಯನ್ನು ಭಾರತಕ್ಕೆ ರಫ್ತು ಮಾಡುವ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮಲೆನಾಡಿನವರಿಗೆ ಬರ್ಮಾ ಎಂದರೆ ಮೊದಲು ತೇಗ ನೆನಪಾಗುತ್ತಿತ್ತು, ಈಚೆಗೆ ಮಿಜೋರಾಂ ಮತ್ತು ಮಣಿಪುರದ ಗಡಿಯಲ್ಲಿ ಕಳ್ಳದಾರಿ ಹಿಡಿದು ಬಂದು ನಮ್ಮ ಧಾರಣೆ ಕೆಡಿಸುವ ಅಡಿಕೆ ನೆನಪಾಗುತ್ತದೆ. ಆದರೆ ನಾವು ದೋಸೆಗೆ ನೆನೆಹಾಕುವ ಉದ್ದಿನಲ್ಲಿ ವಿದೇಶದಿಂದ ಬಂದದ್ದು ಎಷ್ಟಿದೆಯೋ ಅದರ ಬಹುಪಾಲು ಆ ದೇಶದ್ದೇ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಉದ್ದಿನ ಈ ವಿಷಯವನ್ನು ನಾನು ಮುಂದೆ ಸ್ವಲ್ಪ ವಿಸ್ತಾರವಾಗಿ ಹೇಳಲಿದ್ದೇನೆ, ಏಕೆಂದರೆ ಸೈನ್ಯದ ಆಡಳಿತ ಎಂದರೇನು ಎಂಬುದು ನನಗೆ ಅರ್ಥವಾದದ್ದು ಆ ಮೂಟೆಗಳ ಮೂಲಕವೇ.

2021ರ ಫೆಬ್ರವರಿಯಲ್ಲಿ ಚುನಾಯಿತ ಸರ್ಕಾರವನ್ನು ಕಿತ್ತುಹಾಕುವ ಮುಂಚೆ ಅಲ್ಲಿನ ಸೈನ್ಯ ಅಧಿಕಾರವಿಲ್ಲದೆ ಮೂಲೆಯಲ್ಲಿ ಕುಳಿತಿತ್ತು ಎಂದು ಯಾರೂ ಭಾವಿಸಬಾರದು. 1962ರ ಮಾರ್ಚ್‌ನಲ್ಲಿ ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ ಮೇಲೆ ಸುಮಾರು ಅರ್ಧ ಶತಮಾನ ಆಳಿದ್ದು ಸೈನ್ಯವೇ. ಆಮೇಲೆ ಬಂದ ಪ್ರಜಾಪ್ರಭುತ್ವವೂ ಸೈನ್ಯವೇ ಬರೆದುಕೊಟ್ಟ 2008ರ ಸಂವಿಧಾನದ ಒಳಗೇ ಇತ್ತು. ಅದರ ಪ್ರಕಾರ ಸಂಸತ್ತಿನ ನೂರರಲ್ಲಿ 25 ಸ್ಥಾನ ಚುನಾವಣೆಯಿಲ್ಲದೆ ಸೈನ್ಯಕ್ಕೆ ಸೇರಿದ್ದು, ಸಂವಿಧಾನ ತಿದ್ದಬೇಕಾದರೆ 75ಕ್ಕಿಂತ ಹೆಚ್ಚು ಮತ ಬೇಕು, ಗೃಹ, ರಕ್ಷಣೆ, ಗಡಿ ವ್ಯವಹಾರಗಳ ಖಾತೆಗಳು ಸೈನ್ಯದ ಕೈಯಲ್ಲೇ ಇರಬೇಕು. ಇಷ್ಟಿದ್ದೂ ಸಾಲದಾಯಿತು. 2020ರ ನವೆಂಬರ್ 8ರ ಚುನಾವಣೆಯಲ್ಲಿ, ಆಗ ಸರ್ಕಾರ ನಡೆಸುತ್ತಿದ್ದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ಮತದಾನ ನಡೆದ 476 ಸ್ಥಾನಗಳಲ್ಲಿ 396ನ್ನು ಗೆದ್ದಿತು, ಸೈನ್ಯದ ಬೆಂಬಲದ ಪಕ್ಷಕ್ಕೆ 33 ಬಂದವು. ಮತದಾರರ ಪಟ್ಟಿಯಲ್ಲಿ ಮೋಸ ನಡೆದಿದೆ ಎಂದು ಸೈನ್ಯ ಹೇಳಿತು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಸೇನಾಪತಿ ಮಿನ್ ಆಂಗ್ ಹ್ಲೈಂಗ್ ಅವರಿಗೆ 2021ರ ಜುಲೈನಲ್ಲಿ 65 ವರ್ಷ ತುಂಬಿ ನಿವೃತ್ತಿಯಾಗಬೇಕಿತ್ತು. ಇದಕ್ಕಿಂತ ಆಳದ ಕಾರಣವನ್ನು ಪಂಡಿತರು ಹುಡುಕಬಹುದು, ನನಗೆ ಆ ಅಗತ್ಯ ಕಂಡಿಲ್ಲ.

ಹೊಸ ಸಂಸತ್ತು ರಾಜಧಾನಿ ನೇಪಿಡಾದಲ್ಲಿ ಸೇರಬೇಕಿದ್ದ ದಿನ ಫೆಬ್ರವರಿ 1, ಸೋಮವಾರ. ಬೆಳಗಾಗುವ ಮೊದಲೇ ಸೂ ಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಅವರನ್ನು ಬಂಧಿಸಲಾಗಿತ್ತು. ನಮಗೆ ಅದು ತಿಳಿದಿರಲಿಲ್ಲ. ಎದ್ದು ನೋಡಿದರೆ ಫೋನಿನಲ್ಲಿ ಸಿಗ್ನಲ್ ಇಲ್ಲ, ದೂರದರ್ಶನದಲ್ಲಿ ಸೈನ್ಯದ ವಾಹಿನಿ ಬಿಟ್ಟರೆ ಬೇರೇನೂ ಬರುತ್ತಿಲ್ಲ, ಬ್ಯಾಂಕುಗಳು ಬಾಗಿಲು ತೆರೆಯಲಿಲ್ಲ. ಬೀದಿಯಲ್ಲಿ ಗಲಾಟೆಯೂ ಇರಲಿಲ್ಲ. ಜನ ಸುಮ್ಮನೆ ಅಕ್ಕಿ, ಎಣ್ಣೆ, ಮೊಟ್ಟೆ ಕೊಳ್ಳುತ್ತಿದ್ದರು. ಪ್ರಜಾಪ್ರಭುತ್ವ ಹೋದ ದಿನ ಊರು ಹೇಗಿರುತ್ತದೆ ಎಂದು ಕೇಳಿದರೆ ಅಂಗಡಿಯ ಮುಂದೆ ಮಾತಿಲ್ಲದ ಸಾಲು ಇರುತ್ತದೆ ಎಂದಷ್ಟೇ ಹೇಳಬಲ್ಲೆ.

ಮಾತು ಹೊರಬಂದದ್ದು ಮರುದಿನ ರಾತ್ರಿ ಎಂಟು ಗಂಟೆಗೆ. ಮನೆಯಿಂದ ದುಷ್ಟಶಕ್ತಿಯನ್ನು ಓಡಿಸಲು ಪಾತ್ರೆ ಬಡಿಯುವ ಹಳೆಯ ಪದ್ಧತಿ ಅಲ್ಲಿದೆ. ಆ ರಾತ್ರಿ ಊರಿಗೆ ಊರೇ ಬಾಲ್ಕನಿಗೆ ಬಂದು ತಟ್ಟೆ, ಬೋಗುಣಿ, ಡಬ್ಬಗಳನ್ನು ಬಡಿಯಿತು, ಕೆಳಗೆ ನಿಂತ ಕಾರುಗಳು ಹಾರ್ನ್ ಒತ್ತಿದವು. ನಾನಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ತಮಿಳು ಮೂಲದ ಅಜ್ಜಿಯೊಬ್ಬರಿದ್ದರು. ಅವರು ಅಕ್ಕಿ ಅಳೆಯುವ ಹಿತ್ತಾಳೆಯ ಪಡಿಯನ್ನು ಕಬ್ಬಿಣದ ಸೌಟಿನಿಂದ ಬಡಿಯುತ್ತಿದ್ದರು. ನಿತ್ಯ ಮೆಟ್ಟಿಲು ಹತ್ತಲೂ ಕಷ್ಟಪಡುತ್ತಿದ್ದ ಆ ಹೆಂಗಸಿನ ಕೈ ಅಂದು ಕಾಲು ಗಂಟೆ ನಿಲ್ಲಲಿಲ್ಲ. ಪಡಿಯ ಅಂಚು ಒಂದು ಕಡೆ ನಗ್ಗಿದ್ದನ್ನು ನಾನು ಮಾರನೆಯ ದಿನ ನೋಡಿದೆ.

ಈ ಅಜ್ಜಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಕಾಲದಲ್ಲಿ ರಂಗೂನಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರೇ ಇದ್ದರು. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯವಾಗಿತ್ತು, ತಿಲಕರನ್ನು ಇಟ್ಟಿದ್ದು ಅಲ್ಲಿನ ಮಂಡಾಲೆ ಸೆರೆಮನೆಯಲ್ಲಿ, ಕೊನೆಯ ಮೊಗಲ್ ದೊರೆ ಬಹಾದೂರ್ ಷಾ ಜಫರ್ ಮಣ್ಣಾದದ್ದು ರಂಗೂನಿನಲ್ಲಿ. 1962ರ ಸೈನಿಕ ಸರ್ಕಾರ ಎರಡು ವರ್ಷಗಳ ನಂತರ ಸಣ್ಣಪುಟ್ಟ ಅಂಗಡಿಗಳನ್ನೂ ರಾಷ್ಟ್ರೀಕರಣ ಮಾಡಿತು, ದೊಡ್ಡ ನೋಟುಗಳನ್ನು ರದ್ದುಪಡಿಸಿತು. ಲಕ್ಷಾಂತರ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿ ಮದರಾಸಿಗೆ ಬಂದರು. ಚೆನ್ನೈಯ ಬರ್ಮಾ ಬಜಾರ್ ಹುಟ್ಟಿದ್ದು ಹಾಗೆ. ಈ ಅಜ್ಜಿಯ ತಂದೆಯ ಬಟ್ಟೆ ಅಂಗಡಿಗೂ ಒಂದು ಬೆಳಿಗ್ಗೆ ಸರ್ಕಾರದ ಫಲಕ ಬಂತು. ಅವರು ಮಾತ್ರ ಊರು ಬಿಡಲಿಲ್ಲ. 1987ರಲ್ಲಿ ಮತ್ತೆ 25, 35 ಮತ್ತು 75 ಕ್ಯಾಟ್ ನೋಟುಗಳನ್ನು ಬದಲಿ ಕೊಡದೆ ರದ್ದು ಮಾಡಿದಾಗ ಮದುವೆಗೆಂದು ಕೂಡಿಟ್ಟ ಹಣ ಕಾಗದವಾಯಿತಂತೆ. "ತಂಬಿ, ಬ್ಯಾಂಕು ತೆರೆದ ದಿನವೇ ಇದ್ದಬದ್ದದ್ದನ್ನೆಲ್ಲ ತೆಗೆದುಬಿಡು. ಇವರು ಮೊದಲು ಮುಟ್ಟುವುದು ಬಡವರ ದುಡ್ಡನ್ನೇ" ಎಂದು ಅವರು ನನಗೆ ಹೇಳಿದ್ದು ಫೆಬ್ರವರಿಯ ಮೊದಲ ವಾರದಲ್ಲಿ. ಸೈನ್ಯದ ಆಡಳಿತದಲ್ಲಿ ಆರ್ಥಿಕ ಶಿಸ್ತು ಇರುತ್ತದೆ ಎಂದು ನಂಬುವವರು ಒಮ್ಮೆ ಇಂಥವರ ಪಕ್ಕ ಕುಳಿತು ಕೇಳಬೇಕು.

ಈಗ ಉದ್ದಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು ಬಿತ್ತುತ್ತಾರೆ, ಫೆಬ್ರವರಿ ಮಾರ್ಚ್ ಕೊಯ್ಲಿನ ಕಾಲ. ಅಂದರೆ ಕ್ಷಿಪ್ರಕ್ರಾಂತಿ ಬಂದದ್ದು ಸರಿಯಾಗಿ ಸುಗ್ಗಿಯ ಬಾಯಿಗೆ. ಬಗೋ ಸೀಮೆಯ ರೈತನ ಉದ್ದು ಊರಿನ ದಲ್ಲಾಳಿಯ ಮೂಲಕ ಯಾಂಗೋನ್‌ನ ಬಯಿನ್‌ನೌಂಗ್ ಎಂಬ ದೊಡ್ಡ ಸಗಟು ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ಜರಡಿ ಹಿಡಿದು, ಚೀಲ ತುಂಬಿ, ಕಂಟೇನರಿಗೆ ಏರಿಸುವ ತನಕದ ಕೆಲಸ ನಮ್ಮದು. ಅಲ್ಲಿಂದ ಮುಂದೆ ಎಲ್ಲವೂ ಸಹಿಯ ಕೆಲಸ. ರಫ್ತು ಪರವಾನಗಿಗೆ ವಾಣಿಜ್ಯ ಇಲಾಖೆಯ ಸಹಿ, ಹುಳುಹುಪ್ಪಟೆ ಇಲ್ಲವೆಂಬ ಪ್ರಮಾಣಪತ್ರಕ್ಕೆ ಸಸ್ಯ ಸಂರಕ್ಷಣಾ ಕಚೇರಿಯ ಸಹಿ, ಸುಂಕದ ಕಟ್ಟೆಯ ಸಹಿ, ಬಂದರಿನ ಸಹಿ, ಹಣ ಬಂದದ್ದಕ್ಕೆ ಬ್ಯಾಂಕಿನ ಸಹಿ. ಇವುಗಳಲ್ಲಿ ಒಂದು ಕಾಗದ ಇಲ್ಲದಿದ್ದರೂ ಮೂಟೆ ಚೆನ್ನೈಗೆ ಬಂದು ಇಳಿಯುವಂತಿಲ್ಲ.

ಫೆಬ್ರವರಿ ಮೊದಲ ವಾರದಲ್ಲಿ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಮತ್ತು ದಾದಿಯರು, ಈ ಸರ್ಕಾರದ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ಹೊರಬಂದರು. ಅವರ ಹಿಂದೆ ಶಿಕ್ಷಕರು, ರೈಲ್ವೆಯವರು, ವಿದ್ಯುತ್ ಇಲಾಖೆಯವರು, ಬ್ಯಾಂಕಿನವರು, ಸುಂಕದವರು ಬಂದರು. ಅದನ್ನೇ ಅಸಹಕಾರ ಚಳವಳಿ ಎಂದು ಕರೆದರು. ನನ್ನ ಮೇಜಿನ ಮೇಲಿದ್ದ ಕಡತದಲ್ಲಿ ಒಂದರ ನಂತರ ಒಂದು ಜಾಗ ಖಾಲಿ ಉಳಿಯತೊಡಗಿತು. ಪ್ರತಿ ವಾರ ನಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದ ಒಬ್ಬ ಅಧಿಕಾರಿ, ಮಿತಭಾಷಿ, ವೀಳ್ಯ ಜಗಿಯುತ್ತ ಕಾಗದ ಓದುತ್ತಿದ್ದವರು, ಕಚೇರಿಗೆ ಬರುವುದನ್ನು ನಿಲ್ಲಿಸಿದ್ದರು. ಮನೆಗೆ ಹೋಗಿ ಕೇಳಿದ ನಮ್ಮ ಹುಡುಗನಿಗೆ ಅವರು, "ನಾನು ಸಹಿ ಹಾಕಿದರೆ ಅದು ಅವರ ಸರ್ಕಾರದ ಸಹಿಯಾಗುತ್ತದೆ" ಎಂದರಂತೆ. ಸಂಬಳ ನಿಂತಿತ್ತು, ಸರ್ಕಾರಿ ಮನೆ ಹೋಗುವುದಿತ್ತು, ಪಿಂಚಣಿಗೆ ಕೆಲವೇ ವರ್ಷ ಉಳಿದಿತ್ತು. ಇಷ್ಟನ್ನೂ ತಿಳಿದೇ ಅವರು ಮನೆಯಲ್ಲಿ ಕುಳಿತಿದ್ದರು. ನಮ್ಮ ಸಂಸ್ಥೆಗೆ ಇದರಿಂದ ದೊಡ್ಡ ನಷ್ಟವಾಯಿತು. ಆದರೂ ಆ ಮನುಷ್ಯನ ಮೇಲೆ ನನಗೆ ಉಂಟಾದ ಗೌರವವನ್ನು ನಾನು ಯಾವ ಅಧಿಕಾರಿಯ ಮೇಲೂ ಇಟ್ಟುಕೊಂಡಿದ್ದಿಲ್ಲ.

ಕಂಟೇನರ್ ಲಾರಿಗಳ ಚಾಲಕರೂ ಕೆಲಸ ನಿಲ್ಲಿಸಿದ್ದರಿಂದ ಬಂದರಿನಲ್ಲಿ ಪೆಟ್ಟಿಗೆಗಳು ರಾಶಿಬಿದ್ದವು. ಬ್ಯಾಂಕು ಮುಚ್ಚಿದ್ದರಿಂದ ದಲ್ಲಾಳಿಗೆ ಹಣವಿಲ್ಲ, ದಲ್ಲಾಳಿಗೆ ಇಲ್ಲದ್ದರಿಂದ ರೈತನಿಗಿಲ್ಲ. ಎಟಿಎಂಗಳ ಮುಂದೆ ಜನ ಬೆಳಗಿನ ಜಾವವೇ ಸಾಲು ನಿಲ್ಲುತ್ತಿದ್ದರು. ಖಾತೆಯಲ್ಲಿರುವ ತಮ್ಮದೇ ಹಣವನ್ನು ನೋಟಿನ ರೂಪದಲ್ಲಿ ಪಡೆಯಲು ದಲ್ಲಾಳಿಗಳಿಗೆ ನೂರಕ್ಕೆ ಹತ್ತರವರೆಗೂ ಕಮಿಷನ್ ಕೊಡಬೇಕಾಯಿತು. ಅಡಿಕೆ ಕೊಯ್ಲಿನ ಹೊತ್ತಿಗೆ ಕೊನೆಗಾರ ಮರ ಹತ್ತುವುದಿಲ್ಲವೆಂದರೆ ಎಕರೆಗಟ್ಟಲೆ ತೋಟದ ಒಡೆಯನೂ ಕೆಳಗೆ ನಿಂತು ಹಣ್ಣಾಗುತ್ತಿರುವ ಕೊನೆಯನ್ನು ನೋಡುತ್ತಿರಬೇಕಷ್ಟೆ. ಸೇನಾಪತಿಗಳ ಸ್ಥಿತಿ ಆ ತಿಂಗಳುಗಳಲ್ಲಿ ಹಾಗಿತ್ತು. ಟ್ಯಾಂಕು ಇತ್ತು, ದೂರದರ್ಶನವಿತ್ತು, ಆಜ್ಞೆ ಹೊರಡಿಸುವ ಮೊಹರಿತ್ತು. ಆಜ್ಞೆಯನ್ನು ಜಾರಿಗೊಳಿಸುವ ಗುಮಾಸ್ತ ಮಾತ್ರ ಇರಲಿಲ್ಲ. ಒಂದೇ ದಿನದಲ್ಲಿ ಮುಗಿಯಬೇಕಿದ್ದ ಅಧಿಕಾರಗ್ರಹಣ ವರ್ಷಗಳು ಕಳೆದರೂ ಪೂರ್ಣಗೊಳ್ಳದೆ ಉಳಿದದ್ದಕ್ಕೆ ಮೊದಲ ಕಾರಣ ಈ ಗುಮಾಸ್ತರು, ದಾದಿಯರು, ರೈಲ್ವೆಯವರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರು ತೆತ್ತ ಬೆಲೆಯನ್ನೂ ಹೇಳುತ್ತೇನೆ. ಮಾರ್ಚ್ 10ರಂದು ಯಾಂಗೋನ್‌ನ ಮಾ ಹ್ಲಾ ಗೋನ್ ರೈಲ್ವೆ ಕ್ವಾರ್ಟರ್ಸಿಗೆ ಪೊಲೀಸರೂ ಸೈನಿಕರೂ ನುಗ್ಗಿದರು. ಮುಷ್ಕರ ಹೂಡಿದ್ದ ನೂರಾರು ನೌಕರರ ಕುಟುಂಬಗಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡಬೇಕಾಯಿತು. ಮಂಚ, ಫ್ಯಾನು, ದೇವರ ಪೀಠ, ಅಡುಗೆಯ ಪಾತ್ರೆ ತಳ್ಳುಗಾಡಿಗಳ ಮೇಲೆ ಹೋಗುತ್ತಿದ್ದವು. ಇಲ್ಲಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು, ಅಥವಾ ಶರಾವತಿ ಯೋಜನೆಯ ವಸತಿಗಳಲ್ಲಿ ಬೆಳೆದವರು ಇರಬಹುದು. ಅಪ್ಪನ ನೌಕರಿ ಹೋದರೆ ಮನೆಯೂ ಹೋಗುತ್ತದೆ ಎಂಬ ಭಯ ಏನೆಂದು ಅವರಿಗೆ ವಿವರಿಸಬೇಕಾಗಿಲ್ಲ. ಆ ವರ್ಷ ಮೇ ತಿಂಗಳ ಹೊತ್ತಿಗೆ ಅಮಾನತಾದ ಶಾಲಾ ಶಿಕ್ಷಕರ ಸಂಖ್ಯೆಯೇ 1,25,000 ದಾಟಿತೆಂದು ಅಲ್ಲಿನ ಶಿಕ್ಷಕರ ಒಕ್ಕೂಟ ಲೆಕ್ಕ ಕೊಟ್ಟಿತು.

ನನ್ನಂಥ ವಿದೇಶಿಯ ಸ್ಥಿತಿ ಇವರೆಲ್ಲರಿಗಿಂತ ಬೇರೆಯಾಗಿತ್ತು. ರಾತ್ರಿ ಮನೆಗೆ ಬರುವ ಅತಿಥಿಗಳ ಹೆಸರನ್ನು ವಾರ್ಡಿನ ಅಧಿಕಾರಿಗೆ ತಿಳಿಸಬೇಕೆಂಬ ಹಳೆಯ ನಿಯಮವನ್ನು ಫೆಬ್ರವರಿ ಮಧ್ಯದಲ್ಲಿ ಮತ್ತೆ ತಂದರು. 15ನೇ ತಾರೀಕಿನಿಂದ ರಾತ್ರಿ ಒಂದರಿಂದ ಬೆಳಿಗ್ಗೆ ಒಂಬತ್ತರವರೆಗೆ ಇಂಟರ್ನೆಟ್ ಇರುತ್ತಿರಲಿಲ್ಲ, ಬಂಧಿಸಲು ಬರುತ್ತಿದ್ದದ್ದೂ ಆ ಹೊತ್ತಿನಲ್ಲೇ. ಒಂದು ರಾತ್ರಿ ನಮ್ಮ ಕಟ್ಟಡಕ್ಕೆ ಬಂದವರು ಪ್ರತಿ ಮನೆಯ ಕುಟುಂಬದ ಪಟ್ಟಿಯನ್ನು ಟಾರ್ಚಿನ ಬೆಳಕಿನಲ್ಲಿ ತಲೆ ಎಣಿಸಿ ತಾಳೆ ನೋಡಿದರು. ಪಕ್ಕದ ಮನೆಯ ಕಾಲೇಜು ಹುಡುಗನನ್ನು ಅರ್ಧ ಗಂಟೆ ಮೆಟ್ಟಿಲಿನ ಮೇಲೆ ಕೂರಿಸಿಕೊಂಡು ಅವನ ಫೋನಿನ ಒಂದೊಂದೇ ಚಿತ್ರ ಸರಿಸಿ ನೋಡಿದರು. ನನ್ನ ಬಾಗಿಲಿಗೆ ಬಂದಾಗ ನೀಲಿ ಪಾಸ್‌ಪೋರ್ಟ್ ತೋರಿಸಿದೆ. ಮರ್ಯಾದೆಯಿಂದ ಹಿಂತಿರುಗಿಸಿ ಹೋದರು. ಒಂದೇ ಮಹಡಿಯ ಎರಡು ಬಾಗಿಲುಗಳ ನಡುವೆ ಅಷ್ಟು ವ್ಯತ್ಯಾಸವಿತ್ತು.

ಆ ಪಾಸ್‌ಪೋರ್ಟ್ ಎಲ್ಲ ಕಾಲಕ್ಕೂ ರಕ್ಷಣೆಯಲ್ಲ ಎಂಬುದೂ ನಿಜ. ಸೂ ಕಿ ಅವರಿಗೆ ಆರ್ಥಿಕ ಸಲಹೆಗಾರರಾಗಿದ್ದ ಆಸ್ಟ್ರೇಲಿಯಾದ ಷಾನ್ ಟರ್ನೆಲ್ ಅವರನ್ನು ಫೆಬ್ರವರಿ ಮೊದಲ ವಾರದಲ್ಲಿ ಹಿಡಿದವರು ಬಿಟ್ಟಿದ್ದು 2022ರ ನವೆಂಬರಿನಲ್ಲಿ. ಅಮೆರಿಕದ ಪತ್ರಕರ್ತ ಡ್ಯಾನಿ ಫೆನ್‌ಸ್ಟರ್ ಅವರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿ 11 ವರ್ಷದ ಶಿಕ್ಷೆ ವಿಧಿಸಿ, ಆಮೇಲೆ ಬಿಡುಗಡೆ ಮಾಡಿದರು. ಆದರೆ ವ್ಯಾಪಾರಕ್ಕೆ ಬಂದ ನಮ್ಮಂಥವರಿಗೆ ಬಹುಮಟ್ಟಿಗೆ ತೊಂದರೆ ಇರಲಿಲ್ಲ. ತೊಂದರೆ ಇಲ್ಲದ್ದರಿಂದಲೇ ನಮ್ಮೊಳಗೆ ಒಂದು ಮಾತು ಓಡಾಡುತ್ತಿತ್ತು: "ಇದು ಅವರ ಮನೆಯ ಜಗಳ, ನಮಗೇಕೆ? ಯಾರಾದರೊಬ್ಬರು ಗಟ್ಟಿಯಾಗಿ ಕುಳಿತರೆ ಸಾಕು, ವ್ಯಾಪಾರಕ್ಕೆ ಸ್ಥಿರತೆ ಬೇಕು." ಇದನ್ನು ಹೇಳಿದವರಲ್ಲಿ ಭಾರತೀಯರೂ ಇದ್ದರು, ಸಿಂಗಪುರದವರೂ ಇದ್ದರು. ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆ ದೇಶದ ರೈತನ ಬೆಳೆಯಲ್ಲಿ ಲಾಭ ತೆಗೆದುಕೊಂಡು, ಅಲ್ಲಿನ ಹುಡುಗಿಯರಿಂದ ಲೆಕ್ಕ ಬರೆಸಿಕೊಂಡು, ಅವರ ಹೊಸ ವರ್ಷದ ನೀರೆರಚಾಟದಲ್ಲಿ ಒದ್ದೆಯಾದವರಿಗೆ, ಅವರನ್ನು ಕೊಲ್ಲುವ ಹೊತ್ತಿಗೆ ಮಾತ್ರ ನಾವು ಹೊರಗಿನವರು ಎನ್ನುವ ಹಕ್ಕಿಲ್ಲ. ಬೀದಿಗಿಳಿಯುವುದು ವಿದೇಶಿಯ ಕೆಲಸವಲ್ಲದಿರಬಹುದು. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವನ ಕೆಲಸವೇ.

ಕೊಲೆಗಳು ಬೇಗನೆ ಶುರುವಾದವು. ಫೆಬ್ರವರಿ 9ರಂದು ನೇಪಿಡಾದಲ್ಲಿ ಮ್ಯಾ ಥ್ವೆ ಥ್ವೆ ಖಾಯಿಂಗ್ ಎಂಬ ಯುವತಿಯ ತಲೆಗೆ ಗುಂಡು ತಗುಲಿತು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಫೆಬ್ರವರಿ 28ರಂದು ಹದಿನೆಂಟು ಮಂದಿ, ಮಾರ್ಚ್ 3ರಂದು 38 ಮಂದಿ ಸತ್ತರೆಂದು ವಿಶ್ವಸಂಸ್ಥೆ ಹೇಳಿತು. ಮಾರ್ಚ್ 3ರಂದು ಮಂಡಾಲೆಯಲ್ಲಿ ಸತ್ತ 19 ವರ್ಷದ ಚಲ್ ಸಿನ್ ತೊಟ್ಟಿದ್ದ ಅಂಗಿಯ ಮೇಲೆ "ಎಲ್ಲವೂ ಸರಿಹೋಗುತ್ತದೆ" ಎಂಬರ್ಥದ ಇಂಗ್ಲಿಷ್ ಬರಹವಿತ್ತು. ಮಾರ್ಚ್ 14ರಂದು, ಹಳ್ಳಿಗಳಿಂದ ಬಂದ ಗಾರ್ಮೆಂಟ್ ಕಾರ್ಮಿಕರೇ ತುಂಬಿರುವ ಯಾಂಗೋನ್‌ನ ಹ್ಲೈಂಗ್ ಥಾಯಾದಲ್ಲಿ ಹತ್ತಾರು ಜನರನ್ನು ಕೊಂದರು. ಮಾರ್ಚ್ 27, ಅವರ ಸೈನ್ಯದ ದಿನಾಚರಣೆ. ರಾಜಧಾನಿಯಲ್ಲಿ ಪೆರೇಡು ನಡೆಯುತ್ತಿದ್ದಾಗ ದೇಶದ ಉದ್ದಗಲಕ್ಕೂ ನೂರಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 9ರಂದು ಬಗೋ ಪಟ್ಟಣದಲ್ಲಿ 80ಕ್ಕೂ ಹೆಚ್ಚು. ನಮ್ಮ ಉದ್ದು ಬರುತ್ತಿದ್ದ ಸೀಮೆ ಅದೇ. ಆ ವಾರ ಅಲ್ಲಿನ ದಲ್ಲಾಳಿಗಳಲ್ಲಿ ಯಾರಿಗೆ ಫೋನು ಮಾಡಿದರೂ ಎತ್ತಲಿಲ್ಲ.

ಸಾವಿನ ಈ ಪಟ್ಟಿಯ ನಡುವೆ ಮಾರ್ಚ್ 24 ಎಂಬ ದಿನವೊಂದಿದೆ, ಅದನ್ನು ನಾನು ಬಿಡಲಾರೆ. ಬೀದಿಗೆ ಬಂದರೆ ಗುಂಡು ಹೊಡೆಯುತ್ತಾರೆಂದ ಮೇಲೆ ಜನ ಒಂದು ದಿನ ಯಾರೂ ಮನೆಯಿಂದ ಹೊರಗೇ ಬರಬಾರದೆಂದು ತೀರ್ಮಾನಿಸಿದರು. ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಊರದು. ಚಹಾದಂಗಡಿಗಳ ಗಿಡ್ಡ ಸ್ಟೂಲುಗಳು ಒಂದರ ಮೇಲೊಂದು ಪೇರಿಸಿದ ಹಾಗೇ ಇದ್ದವು, ವೀಳ್ಯದ ಗೂಡಂಗಡಿಗಳು ಮುಚ್ಚಿದ್ದವು, ಸೈಕಲ್ ರಿಕ್ಷಾ ಒಂದೂ ಇಲ್ಲ. ಯಾರ ವಿರುದ್ಧ ಬಂದೂಕು ಎತ್ತಬೇಕೆಂದು ತಿಳಿಯದೆ ಸೈನಿಕರ ಲಾರಿಯೊಂದು ನಮ್ಮ ಬೀದಿಯಲ್ಲಿ ನಿಧಾನಕ್ಕೆ ಹೋಗಿ ಹಿಂತಿರುಗಿತು. ಬಂದ್ ಎಂದರೆ ನಮಗೆ ಟೈರು ಸುಡುವುದು, ಬಸ್ಸಿಗೆ ಕಲ್ಲು ಹೊಡೆಯುವುದು ಎಂದು ಅಭ್ಯಾಸವಾಗಿದೆ. ಯಾರ ಒತ್ತಾಯವೂ ಇಲ್ಲದೆ ನಡೆದ ಅಂಥ ಬಂದನ್ನು ನಾನು ಇಲ್ಲಿ ಕಂಡದ್ದಿಲ್ಲ.

ಈ ಜನರನ್ನು ಬರೀ ಹೊಗಳಿ ಮುಂದೆ ಹೋದರೆ ತಪ್ಪಾಗುತ್ತದೆ. ಇದೇ ಸೈನ್ಯ 2017ರ ಆಗಸ್ಟ್‌ನಿಂದ ರಖೈನ್ ಪ್ರಾಂತ್ಯದಲ್ಲಿ ಹಳ್ಳಿಗಳನ್ನು ಸುಟ್ಟು ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರನ್ನು ಬಾಂಗ್ಲಾದೇಶಕ್ಕೆ ಅಟ್ಟಿತ್ತು. ಆಗ ಯಾಂಗೋನ್‌ನ ಬಹುಸಂಖ್ಯಾತರು ಸೈನ್ಯದ ಮಾತನ್ನೇ ನಂಬಿದರು, ಸೂ ಕಿ ಅವರು 2019ರ ಡಿಸೆಂಬರಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ತಮ್ಮ ದೇಶವನ್ನು ಸಮರ್ಥಿಸಿಕೊಂಡರು. ಅದೇ ಬಂದೂಕು ತಮ್ಮ ಬೀದಿಗೆ ತಿರುಗಿದ ಮೇಲೆ, 2021ರಲ್ಲಿ, ಅನೇಕ ಯುವಕರು ರೋಹಿಂಗ್ಯಾರ ಕ್ಷಮೆ ಕೇಳಿ ಬಹಿರಂಗವಾಗಿ ಬರೆದರು. ನಮ್ಮ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿ ಊಟದ ಹೊತ್ತಿನಲ್ಲಿ ಇದನ್ನೇ ಹೇಳಿ ಅತ್ತಳು. ನಮಗೆ ಆಗದವರ ಮೇಲೆ ಸೈನ್ಯ ಹರಿಹಾಯ್ದಾಗ ಚಪ್ಪಾಳೆ ತಟ್ಟುವ ಅಭ್ಯಾಸ ಯಾವ ದೇಶದಲ್ಲಿದ್ದರೂ ಆ ದೇಶದವರು ಆ ಹುಡುಗಿಯ ಮಾತನ್ನು ಕೇಳಿಸಿಕೊಳ್ಳಬೇಕು.

ಏಪ್ರಿಲ್ 16ರಂದು ಚುನಾಯಿತ ಪ್ರತಿನಿಧಿಗಳ ಕಡೆಯವರು ರಾಷ್ಟ್ರೀಯ ಏಕತಾ ಸರ್ಕಾರ ಎಂಬ ಸಮಾನಾಂತರ ಸರ್ಕಾರವನ್ನು ಘೋಷಿಸಿದರು, ಮೇ ತಿಂಗಳಲ್ಲಿ ಜನರಕ್ಷಣಾ ಪಡೆಯನ್ನು, ಸೆಪ್ಟೆಂಬರ್ 7ರಂದು ಯುದ್ಧವನ್ನು. ಇದೆಲ್ಲ ಹುಚ್ಚಾಟವೆಂದು ಅನ್ನಿಸುವವರಿಗೆ ನಮ್ಮ ಜಿಲ್ಲೆಯದೇ ಸಂಗತಿಯೊಂದನ್ನು ನೆನಪಿಸುತ್ತೇನೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿ, ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಸರ್ಕಾರದ ಅಧಿಕಾರಿಗಳು ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು, ಪಡೆಗಳು ಬಂದವು, ಊರಿನವರು ಕಾಡು ಸೇರಿದರು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. "ಏಸೂರ ಕೊಟ್ಟರೂ ಈಸೂರ ಕೊಡೆವು" ಎಂಬ ಮಾತನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳುತ್ತೇವೆ. ಮ್ಯಾನ್ಮಾರಿನ ಸಗಾಯಿಂಗ್ ಮತ್ತು ಚಿನ್ ಸೀಮೆಯ ನೂರಾರು ಹಳ್ಳಿಗಳಲ್ಲಿ 2021ರಿಂದ ನಡೆಯುತ್ತಿರುವುದು ಇದೇ. ಹಿಂಸೆಯನ್ನು ನಾನು ಸಮರ್ಥಿಸಲು ನಿಂತಿಲ್ಲ. ಪ್ರತಿಭಟನೆಯ ಎಲ್ಲ ದಾರಿಗಳನ್ನೂ ಮುಚ್ಚಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಈಸೂರಿನ ವಿಷಯದಲ್ಲಿ ಕೇಳುವ ಹಾಗೆಯೇ ಅಲ್ಲಿಯೂ ಕೇಳಬೇಕು ಎನ್ನುತ್ತೇನೆ.

ಜುಲೈನಲ್ಲಿ ಕೊರೊನಾದ ಮೂರನೆಯ ಅಲೆ ಬಂತು. ವೈದ್ಯರಲ್ಲಿ ಅನೇಕರು ಜೈಲಿನಲ್ಲಿ ಇಲ್ಲವೆ ಅಡಗುತಾಣದಲ್ಲಿ ಇದ್ದರು. ಆಮ್ಲಜನಕದ ಸಿಲಿಂಡರ್ ಹಿಡಿದು ಜನ ಕಾರ್ಖಾನೆಗಳ ಮುಂದೆ ರಾತ್ರಿಯೆಲ್ಲ ನಿಂತರು, ಖಾಸಗಿಯವರಿಗೆ ಆಮ್ಲಜನಕ ಮಾರುವುದಕ್ಕೆ ಸೈನ್ಯ ನಿರ್ಬಂಧ ಹಾಕಿತು. ಔಷಧ ಬೇಕಾದ ಮನೆಯವರು ಹಳದಿ ಬಟ್ಟೆ, ಆಹಾರ ಬೇಕಾದವರು ಬಿಳಿ ಬಟ್ಟೆಯನ್ನು ಬಾಗಿಲಿಗೆ ಕಟ್ಟುತ್ತಿದ್ದರು, ನೆರೆಯವರು ನೋಡಿ ತಂದುಕೊಡುತ್ತಿದ್ದರು. ಸರ್ಕಾರ ಎಂಬುದು ಆ ಬಟ್ಟೆಯ ತುಂಡುಗಳ ನಡುವೆ ಎಲ್ಲಿಯೂ ಇರಲಿಲ್ಲ. ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಾಗ ನಾನು ಊರಿಗೆ ಬಂದೆ.

ಶಿಸ್ತಿನ ಮಾತಿಗೆ ಮರಳುತ್ತೇನೆ. ಸೈನ್ಯ ಬಂದ ಮೊದಲ ವರ್ಷದಲ್ಲೇ ಅಲ್ಲಿನ ಆರ್ಥಿಕತೆ ನೂರಕ್ಕೆ 18ರಷ್ಟು ಕುಗ್ಗಿತೆಂದು ವಿಶ್ವಬ್ಯಾಂಕ್ ಅಂದಾಜು ಮಾಡಿತು. ಡಾಲರಿಗೆ ಸುಮಾರು 1,330 ಕ್ಯಾಟ್ ಇದ್ದದ್ದು 2024ರಲ್ಲಿ ಹೊರಮಾರುಕಟ್ಟೆಯಲ್ಲಿ 6,000 ದಾಟಿತು. 2023ರಲ್ಲಿ ಆ ದೇಶ ಅಫ್ಘಾನಿಸ್ತಾನವನ್ನು ಮೀರಿಸಿ ಜಗತ್ತಿನ ಅತಿ ಹೆಚ್ಚು ಅಫೀಮು ಬೆಳೆಯುವ ನಾಡಾಯಿತು. ಆನ್‌ಲೈನ್ ವಂಚನೆಯ ಕೇಂದ್ರಗಳು ಥಾಯ್ಲೆಂಡ್ ಗಡಿಯ ಉದ್ದಕ್ಕೂ ಬೆಳೆದವು. ಕೆಲಸದ ಆಸೆಗೆ ಹೋಗಿ ಅಲ್ಲಿ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಕರೆತಂದವು. 2024ರ ಫೆಬ್ರವರಿಯಲ್ಲಿ 18ರಿಂದ 35 ವರ್ಷದ ಗಂಡಸರಿಗೂ 18ರಿಂದ 27ರ ಹೆಂಗಸರಿಗೂ ಸೈನ್ಯ ಸೇರುವುದು ಕಡ್ಡಾಯವೆಂದು ಘೋಷಿಸಿದಾಗ ಯುವಜನ ಪಾಸ್‌ಪೋರ್ಟ್ ಕಚೇರಿಗಳಿಗೆ ಮುಗಿಬಿದ್ದರು. ಮಂಡಾಲೆಯಲ್ಲಿ ಆ ನೂಕುನುಗ್ಗಲಿನಲ್ಲಿ ಇಬ್ಬರು ಸತ್ತರು. 2025ರ ಮಾರ್ಚ್ 28ರ ಭೂಕಂಪ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೂ ವಿಮಾನದಾಳಿ ನಿಲ್ಲಲಿಲ್ಲ. ಯಾವ ತಾಲ್ಲೂಕು ಕಚೇರಿಯ ವಿಳಂಬ, ಯಾವ ರಸ್ತೆಯ ಹೊಂಡ ಇದಕ್ಕಿಂತ ಕೆಟ್ಟದ್ದು ಎಂದು ನಾವು ಕೇಳಿಕೊಳ್ಳಬೇಕು.

ಭಾರತ ಏನು ಮಾಡಬೇಕಿತ್ತು ಎಂದು ಸಭೆಯಿಂದ ಚೀಟಿ ಬಂದಿದೆ. ಉದ್ದು ಕೊಳ್ಳುವುದನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ, ಏಕೆಂದರೆ ಬಗೋದ ರೈತನಿಗೆ ನಮ್ಮನ್ನು ಬಿಟ್ಟು ಬೇರೆ ದೊಡ್ಡ ಗಿರಾಕಿ ಇಲ್ಲ. ಆದರೆ 2022ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಒಂದು ನಿಯಮ ತಂದು, ರಫ್ತುದಾರರಿಗೆ ಬಂದ ಡಾಲರನ್ನು 1,850 ಕ್ಯಾಟ್‌ನ ಸರ್ಕಾರಿ ದರದಲ್ಲಿ ಬದಲಾಯಿಸಿಕೊಳ್ಳುವುದನ್ನು ಕಡ್ಡಾಯ ಮಾಡಿತು. ಆಮೇಲೆ ದರವೂ ನಿಯಮವೂ ಬದಲಾದವು, ಹೊರಗಿನ ದರಕ್ಕೂ ಸರ್ಕಾರಿ ದರಕ್ಕೂ ನಡುವಿನ ಅಂತರ ಉಳಿಯಿತು. ಆ ಅಂತರದ ಹಣ ರೈತನ ಕೈ ತಪ್ಪಿ ಸೇನಾಪತಿಗಳ ಖಜಾನೆಗೆ ಹೋಗುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು ಮತ್ತು ಒಂದು ಲಕ್ಷ ಟನ್ ತೊಗರಿಗೆ 2021ರ ಜೂನಿನಲ್ಲಿ ಒಪ್ಪಂದ ಮಾಡಿಕೊಂಡ ದೇಶ ನಮ್ಮದು. ಅಷ್ಟು ದೊಡ್ಡ ಗಿರಾಕಿ ಈ ಬಗ್ಗೆ ಒಂದು ಮಾತು ಕೇಳಬಹುದಿತ್ತು.

ಇನ್ನೊಂದು ವಿಷಯ ನಮ್ಮ ಗಡಿಯದ್ದು. 2021ರ ಮಾರ್ಚ್‌ನಲ್ಲಿ, ಜನರ ಮೇಲೆ ಗುಂಡು ಹಾರಿಸಲು ಒಪ್ಪದ ಪೊಲೀಸರು ಹೆಂಡತಿ ಮಕ್ಕಳೊಂದಿಗೆ ಮಿಜೋರಾಂಗೆ ಓಡಿಬಂದರು, ಅವರ ಹಿಂದೆ ಸಾವಿರಾರು ಚಿನ್ ಜನ ಬಂದರು. ನಿರಾಶ್ರಿತರೆಂದು ಮಾನ್ಯ ಮಾಡುವ ಅಧಿಕಾರ ರಾಜ್ಯಗಳಿಗಿಲ್ಲ, ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯದ ಗಡಿ ರಾಜ್ಯಗಳಿಗೆ ಬರೆಯಿತು. ಆಗಿನ ಮುಖ್ಯಮಂತ್ರಿ ಜೋರಾಂಥಂಗಾ ಅವರು, ನಮ್ಮದೇ ರಕ್ತಸಂಬಂಧಿಗಳ ಸಂಕಟಕ್ಕೆ ಕಣ್ಣುಮುಚ್ಚಿಕೊಂಡು ಇರಲಾರೆವು ಎಂಬ ಅರ್ಥದಲ್ಲಿ ಪ್ರಧಾನಿಗೆ ಪತ್ರ ಬರೆದರು. ಚರ್ಚುಗಳೂ ಹಳ್ಳಿಯ ಸಂಘಗಳೂ ಅಕ್ಕಿ ಕೂಡಿಸಿ ಆ ಜನರನ್ನು ಉಳಿಸಿಕೊಂಡವು. ನಿರಾಶ್ರಿತರ ವಿಷಯದಲ್ಲಿ ನಮ್ಮ ದೇಶಕ್ಕೆ ಪ್ರತ್ಯೇಕ ಕಾನೂನೇ ಇಲ್ಲ, 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೂ ನಾವು ಸಹಿ ಹಾಕಿಲ್ಲ. ಅಂಥ ಕಾನೂನೊಂದು ಬೇಕೆಂದು ನಮ್ಮ ಲೋಕಸಭಾ ಸದಸ್ಯರಿಗೆ ಬರೆಯುವುದು ಇಲ್ಲಿರುವ ಪ್ರತಿಯೊಬ್ಬರಿಗೂ ಸಾಧ್ಯವಿದೆ. ಅಂಥ ಪತ್ರಗಳು ಐಜಾಲ್‌ನಿಂದ ಮಾತ್ರವಲ್ಲ, ಶಿವಮೊಗ್ಗದಿಂದಲೂ ಹೋಗಬೇಕು.